ಮಗುವಿನ ಅಳತೆಗೊಂದು ಬಿಲ್ಲು

ಬೆಳೆಯುವ ಮಕ್ಕಳಿಗೆ ಬಟ್ಟೆ ಹೊಲಿಸುವಾಗ ಒಂದೆರಡು ಅಂಗುಲ ಹೆಚ್ಚಾಗಿಯೇ ಹೊಲಿಸುವುದು ಮಧ್ಯಮ ವರ್ಗದ ಕುಟುಂಬಗಳಲ್ಲಿ ತಲೆಮಾರುಗಳಿಂದ ನಡೆದು ಬಂದ ಪದ್ಧತಿ. ಊರು ಬಿಟ್ಟು ಮಹಾನಗರ ಸೇರಿ, ಮನೆ ಬಾಡಿಗೆ, ಶಾಲೆಯ ಶುಲ್ಕ, ವರ್ಷಕ್ಕೊಮ್ಮೆ ಊರಿಗೆ ಹೋಗಿ ಬರುವ ಖರ್ಚು ಇವುಗಳ ನಡುವೆ ಸಂಸಾರ ತೂಗಿಸಿದ ಹಿರಿಯರಿಗೆ ಈ ಮಿತವ್ಯಯ ಒಂದು ಸದ್ಗುಣವೇ ಆಗಿತ್ತು. ಮಡಿಚಿ ಹೊಲಿದ ಲಂಗದ ಅಂಚನ್ನು ವರ್ಷ ವರ್ಷವೂ ಬಿಚ್ಚುತ್ತ ಹೋದರೆ ಒಂದೇ ಲಂಗ ಮೂರು ದೀಪಾವಳಿಗಳನ್ನು ಕಾಣುತ್ತಿತ್ತು. ಬೂಟಿನ ತುದಿಗೆ ಹತ್ತಿ ತುರುಕಿದರೆ ಅಣ್ಣನ ಬೂಟು ತಮ್ಮನಿಗೆ ಆಗುತ್ತಿತ್ತು. ಇದರಿಂದ ಯಾವ ಮಗುವಿಗೂ ಕೇಡಾಗಲಿಲ್ಲ.

ಆದರೆ ಈ ಸದ್ಗುಣವೇ ಅಪಾಯವಾಗಿ ಪರಿಣಮಿಸುವ ವಸ್ತುವೊಂದು ಈಚೆಗೆ ಮಕ್ಕಳ ಬೇಡಿಕೆಯ ಪಟ್ಟಿಯನ್ನು ಸೇರಿದೆ. ಅದು ಬಿಲ್ಲು, ಅದರಲ್ಲಿಯೂ ತುದಿಗಳಲ್ಲಿ ಗಾಲಿಗಳುಳ್ಳ ಕಾಂಪೌಂಡ್ ಬಿಲ್ಲು. "ಹೇಗೂ ಬೆಳೆಯುವ ಹುಡುಗ, ಸ್ವಲ್ಪ ದೊಡ್ಡದನ್ನೇ ತೆಗೆದುಕೊಂಡರಾಯಿತು" ಎಂಬ ಲೆಕ್ಕಾಚಾರ ಇಲ್ಲಿ ಸರ್ವಥಾ ಸಲ್ಲದು. ಬಿಲ್ಲು ಮಗುವಿನ ಇಂದಿನ ತೋಳಿಗೆ, ಇಂದಿನ ಭುಜಕ್ಕೆ, ಇಂದಿನ ಬಲಕ್ಕೆ ಹೊಂದಬೇಕೇ ಹೊರತು ಮುಂದಿನ ವರ್ಷದ್ದಕ್ಕಲ್ಲ. ಈ ಒಂದು ಮಾತನ್ನು ಪಾಲಕರು ಮನಗಂಡರೆ ಉಳಿದ ಆಯ್ಕೆಗಳೆಲ್ಲ ಸುಲಭವಾಗುತ್ತವೆ.

ಬೇಡಿಕೆಯ ಹಿನ್ನೆಲೆ

ಮಕ್ಕಳ ಈ ಆಸೆ ಅಕಾರಣವಾದುದಲ್ಲ. 2023ರ ಆಗಸ್ಟ್ ತಿಂಗಳಲ್ಲಿ ಬರ್ಲಿನ್ ನಗರದಲ್ಲಿ ನಡೆದ ವಿಶ್ವ ಬಿಲ್ಗಾರಿಕೆ ಪಂದ್ಯಾವಳಿಯಲ್ಲಿ ಜ್ಯೋತಿ ಸುರೇಖಾ ವೆನ್ನಂ, ಅದಿತಿ ಸ್ವಾಮಿ, ಪರ್ಣೀತ್ ಕೌರ್ ಇವರ ತಂಡ ಕಾಂಪೌಂಡ್ ವಿಭಾಗದಲ್ಲಿ ಸ್ವರ್ಣವನ್ನು ಗೆದ್ದಿತು. ಆ ಪಂದ್ಯಾವಳಿಯಲ್ಲಿ ಭಾರತಕ್ಕೆ ದೊರೆತ ಮೊಟ್ಟಮೊದಲ ಸ್ವರ್ಣ ಅದು. ಅದರ ಬೆನ್ನಿಗೇ ಹದಿನೇಳು ವರ್ಷದ ಅದಿತಿ ವೈಯಕ್ತಿಕ ಸ್ವರ್ಣವನ್ನೂ, ಪುರುಷರಲ್ಲಿ ನಾಗಪುರದ ಓಜಸ್ ದೇವತಳೆ ಸ್ವರ್ಣವನ್ನೂ ಪಡೆದರು. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕಾಂಪೌಂಡ್ ವಿಭಾಗದ ಐದಕ್ಕೆ ಐದೂ ಸ್ವರ್ಣಗಳು ಭಾರತದ ಪಾಲಾದವು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆಯನ್ನು ಸೇರಿಸುವುದಾಗಿ 2025ರಲ್ಲಿ ಪ್ರಕಟವಾದ ಮೇಲಂತೂ ಉತ್ಸಾಹ ಇಮ್ಮಡಿಯಾಗಿದೆ. ಅಲ್ಲಿಯವರೆಗೆ ಒಲಿಂಪಿಕ್ಸ್‌ನಲ್ಲಿ ಗಾಲಿಗಳಿಲ್ಲದ ರಿಕರ್ವ್ ಬಿಲ್ಲಿಗೆ ಮಾತ್ರ ಪ್ರವೇಶವಿತ್ತು. 2024ರ ಪ್ಯಾರಿಸ್ ಕೂಟ ಮುಗಿದಾಗಲೂ ಭಾರತದ ಬಿಲ್ಗಾರರಿಗೆ ಅಲ್ಲಿ ಒಂದು ಪದಕವೂ ದಕ್ಕಿರಲಿಲ್ಲ.

ಮುಂಬಯಿ, ಪುಣೆಗಳ ಕನ್ನಡಿಗರಿಗೆ ಈ ಕೀರ್ತಿ ದೂರದ ಸುದ್ದಿಯೂ ಅಲ್ಲ. ಅದಿತಿ ಸ್ವಾಮಿ ಸಾತಾರದವರು. ಪುಣೆಯಿಂದ ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿಗಳ ಮೂಲಕ ಊರಿಗೆ ಹೊರಡುವ ಬಸ್ಸುಗಳು ಸಾತಾರವನ್ನು ಬಳಸಿಯೇ ಸಾಗುತ್ತವೆ. ನಿದ್ದೆಗಣ್ಣಿನಲ್ಲಿ ದಾಟಿ ಹೋಗುವ ಆ ಊರಿನಿಂದ ಒಬ್ಬ ಹುಡುಗಿ ಜಗತ್ತನ್ನೇ ಗೆದ್ದಳೆಂದರೆ, ಅದೇ ದಾರಿಯಲ್ಲಿ ವರ್ಷಕ್ಕೊಮ್ಮೆ ಪ್ರಯಾಣ ಮಾಡುವ ಮಕ್ಕಳ ಕಣ್ಣಲ್ಲಿ ಕನಸು ಮೂಡುವುದು ಸಹಜ. ಬಿಲ್ಲಿನ ಕಥೆಗಳನ್ನು ಅಜ್ಜಿಯರಿಂದ ಕೇಳುತ್ತ ಬೆಳೆದ ಸಮಾಜ ಇದು. ಕರ್ನಾಟಕ ಸರ್ಕಾರವು ತನ್ನ ಕ್ರೀಡಾಪಟುಗಳಿಗೆ ಕೊಡುವ ಗೌರವಕ್ಕೆ ಏಕಲವ್ಯನ ಹೆಸರನ್ನೇ ಇಟ್ಟಿದೆ. ಆದುದರಿಂದ ಮಗುವಿನ ಆಸೆಯನ್ನು ತಳ್ಳಿಹಾಕುವುದು ಬೇಡ. ಆ ಆಸೆಗೆ ಸರಿಯಾದ ಅಳತೆಯನ್ನು ಒದಗಿಸುವುದಷ್ಟೇ ಹಿರಿಯರ ಕರ್ತವ್ಯ.

ಯಂತ್ರದ ಗುಟ್ಟು

ಅಮೆರಿಕದ ಮಿಸೂರಿ ರಾಜ್ಯದ ಹಾಲೆಸ್ ವಿಲ್ಬರ್ ಆಲನ್ ಎಂಬವರು 1966ರಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿ 1969ರಲ್ಲಿ ಪಡೆದ ಆವಿಷ್ಕಾರವೇ ಕಾಂಪೌಂಡ್ ಬಿಲ್ಲು. ಸಾಮಾನ್ಯ ಬಿಲ್ಲಿನಲ್ಲಿ ಹೆದೆಯನ್ನು ಎಳೆದಷ್ಟೂ ಭಾರ ಹೆಚ್ಚುತ್ತ ಹೋಗುತ್ತದೆ. ಗುರಿ ನೋಡುವ ಕ್ಷಣದಲ್ಲಿ ಅದು ಪರಮಾವಧಿಯನ್ನು ಮುಟ್ಟಿರುತ್ತದೆ. ಕಾಂಪೌಂಡ್ ಬಿಲ್ಲಿನ ತುದಿಗಳಲ್ಲಿರುವ ಗಾಲಿಗಳು ಪೂರ್ಣ ವೃತ್ತಾಕಾರವಲ್ಲ. ಅವುಗಳ ಅಚ್ಚು ನಡುವಿನಲ್ಲಿರುವುದಿಲ್ಲ. ಇವುಗಳಿಗೆ ಕ್ಯಾಮ್ ಎಂದು ಹೆಸರು. ಹೆದೆಯನ್ನು ಎಳೆಯುವಾಗ ಮಧ್ಯದಲ್ಲಿ ಭಾರ ಪೂರ್ತಿಯಾಗಿ ಬಂದು, ಕೊನೆಗೆ ಕ್ಯಾಮ್ ಉರುಳಿಕೊಂಡಾಗ ಥಟ್ಟನೆ ಇಳಿಯುತ್ತದೆ. ಈ ಇಳಿತವನ್ನು ಲೆಟ್-ಆಫ್ ಎನ್ನುತ್ತಾರೆ. ಹದಿನೈದು ಪೌಂಡಿನ ಬಿಲ್ಲಿಗೆ ನೂರಕ್ಕೆ ಎಪ್ಪತ್ತರ ಇಳಿತವಿದ್ದರೆ, ಎಳೆಯುವಾಗ ಸುಮಾರು ಏಳು ಕಿಲೋ ತೂಕದಷ್ಟು ಬಲ ಬೇಕು. ಎಳೆದು ಹಿಡಿದು ನಿಲ್ಲಲು ಎರಡು ಕಿಲೋದಷ್ಟು ಸಾಕು.

ಗುರಿಯನ್ನು ನೆಮ್ಮದಿಯಾಗಿ ನೋಡಲು ಇದು ಬಹಳ ಅನುಕೂಲ. ಮಕ್ಕಳು ಬೇಗನೆ ಮಧ್ಯದ ವೃತ್ತಕ್ಕೆ ಬಾಣ ಹೊಡೆಯುತ್ತಾರೆ, ಅವರ ಉತ್ಸಾಹ ಉಳಿಯುತ್ತದೆ. ಆದರೆ ಈ ಅನುಕೂಲದ ಹಿಂದೆಯೇ ಒಂದು ಮೋಸವೂ ಅಡಗಿದೆ. ಹಿಡಿದು ನಿಲ್ಲುವುದು ಹಗುರವಾದ ಮಾತ್ರಕ್ಕೆ ಬಿಲ್ಲೇ ಹಗುರ ಎಂದು ಪಾಲಕರು ಭಾವಿಸುತ್ತಾರೆ. ಎಳೆಯುವ ನಡುವಣ ಹಂತದ ಪೂರ್ತಿ ಭಾರವನ್ನು ಮಗುವಿನ ಭುಜವೇ ಪ್ರತಿ ಬಾರಿಯೂ ಹೊರಬೇಕು ಎಂಬುದು ಮರೆತುಹೋಗುತ್ತದೆ. ಬಾಣ ಬಿಡದೆ ಹೆದೆಯನ್ನು ಹಿಂದಕ್ಕೆ ಇಳಿಸುವಾಗಲಂತೂ ಇಳಿದಿದ್ದ ಭಾರ ಒಮ್ಮೆಲೇ ಮರಳಿ ಬಂದು ತೋಳನ್ನು ಮುಂದಕ್ಕೆ ಜಗ್ಗುತ್ತದೆ. ಇದನ್ನು ಬಲ್ಲ ಗುರುವಿಲ್ಲದೆ ಕಲಿಯುವುದು ಕಷ್ಟ.

ಮೊದಲು ಕಣ್ಣು, ಆಮೇಲೆ ಕೈ

ಅಂಗಡಿಯವರು ಮೊದಲು ಕೇಳುವ ಪ್ರಶ್ನೆ, ಮಗು ಬಲಗೈಯದೋ ಎಡಗೈಯದೋ ಎಂದು. ಕೇಳಬೇಕಾದದ್ದು ಕಣ್ಣಿನ ವಿಷಯ. ಒಂದು ಕೈ ಬಲವಾಗಿರುವಂತೆ ಎರಡು ಕಣ್ಣುಗಳಲ್ಲಿಯೂ ಒಂದು ಯಜಮಾನಿಕೆ ಮಾಡುತ್ತದೆ. ಪರೀಕ್ಷೆ ಸುಲಭವಾದುದು. ಮಗುವು ಎರಡೂ ಕೈಗಳನ್ನು ಮುಂದೆ ಚಾಚಿ, ಹಸ್ತಗಳ ನಡುವೆ ಒಂದು ಸಣ್ಣ ಕಿಂಡಿಯನ್ನು ಮಾಡಿ, ಎರಡೂ ಕಣ್ಣು ತೆರೆದು ಅದರ ಮೂಲಕ ಎದುರು ಗೋಡೆಯ ಗಡಿಯಾರವನ್ನು ನೋಡಲಿ. ಅನಂತರ ಒಂದೊಂದೇ ಕಣ್ಣನ್ನು ಮುಚ್ಚಲಿ. ಯಾವ ಕಣ್ಣು ತೆರೆದಿದ್ದಾಗ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತದೆಯೋ ಅದು ಯಜಮಾನ ಕಣ್ಣು. ಬಲಗಣ್ಣು ಯಜಮಾನನಾದರೆ ಬಲಗೈಯಲ್ಲಿ ಹೆದೆ ಎಳೆಯುವ ಬಿಲ್ಲು, ಎಡಗಣ್ಣಾದರೆ ಎಡಗೈಯದು. ಕೈ ಮತ್ತು ಕಣ್ಣು ಬೇರೆ ಬೇರೆಯಾಗಿರುವ ಮಕ್ಕಳೂ ಉಂಟು. ಅಂಥವರಲ್ಲಿ ಹೊಸದಾಗಿ ಕಲಿಯುವವರು ಕಣ್ಣನ್ನು ಅನುಸರಿಸುವುದೇ ಲೇಸೆಂದು ಅನೇಕ ಶಿಕ್ಷಕರ ಅಭಿಪ್ರಾಯ.

ಸವ್ಯಸಾಚಿ ಎಂದು ಅರ್ಜುನನಿಗೆ ಬಿರುದು ಬಂದದ್ದು ಎರಡೂ ಕೈಗಳಿಂದ ಬಾಣ ಬಿಡಬಲ್ಲನೆಂದು. ಕಾಂಪೌಂಡ್ ಬಿಲ್ಲಿಗೆ ಆ ಸೌಕರ್ಯವಿಲ್ಲ. ಅದರ ಹಿಡಿಕೆ, ಬಾಣ ಕೂರುವ ಆಸರೆ, ಗುರಿಗಣ್ಣು ಎಲ್ಲವೂ ಒಂದೇ ಪಕ್ಕಕ್ಕೆ ಮಾಡಿದವು. ಅಣ್ಣನ ಬಲಗೈ ಬಿಲ್ಲು ಎಡಗಣ್ಣಿನ ತಂಗಿಗೆ ಆಗುವುದಿಲ್ಲ. ಕೊಂಡ ಮೇಲೆ ತಿಳಿದರೆ ನಷ್ಟ. ಆದುದರಿಂದ ಈ ಪರೀಕ್ಷೆ ಮನೆಯಲ್ಲೇ ಮುಗಿಯಬೇಕು. ಕನ್ನಡಕ ಹಾಕುವ ಮಗುವಾದರೆ ಇನ್ನೊಂದು ಗಮನ ಅಗತ್ಯ. ಬಿಲ್ಗಾರನು ಮುಖವನ್ನು ಓರೆಯಾಗಿ ತಿರುಗಿಸಿ ನೋಡುವುದರಿಂದ ಸಣ್ಣ ಚೌಕಟ್ಟಿನ ಅಂಚು ದೃಷ್ಟಿಗೆ ಅಡ್ಡ ಬರುತ್ತದೆ; ಅಗಲವಾದ ಗಾಜಿನ ಕನ್ನಡಕ ಅನುಕೂಲ.

ತೋಳಿನ ಅಳತೆ

ಹೆದೆಯನ್ನು ಎಷ್ಟು ದೂರ ಎಳೆಯಬೇಕೆಂಬುದು ಎರಡನೆಯ ಪ್ರಶ್ನೆ. ಮೈದಾನದಲ್ಲಿ ಇದನ್ನು ಡ್ರಾ ಲೆಂತ್ ಎನ್ನುತ್ತಾರೆ. ಸೆಳೆತದ ಉದ್ದ ಎನ್ನಬಹುದು. ರಿಕರ್ವ್ ಬಿಲ್ಲಿನಲ್ಲಿ ಬಿಲ್ಗಾರನ ತೋಳೇ ಇದನ್ನು ನಿರ್ಧರಿಸುತ್ತದೆ. ಹೆಚ್ಚಿನ ಕಾಂಪೌಂಡ್ ಬಿಲ್ಲುಗಳಲ್ಲಿ ಕ್ಯಾಮ್ ನಿರ್ಧರಿಸುತ್ತದೆ. ಒಂದು ನಿಶ್ಚಿತ ಸ್ಥಾನಕ್ಕೆ ಬಂದ ಮೇಲೆ ಹೆದೆ ಗೋಡೆಗೆ ತಾಗಿದಂತೆ ನಿಂತುಬಿಡುತ್ತದೆ. ಆ ಸ್ಥಾನ ಮಗುವಿನ ತೋಳಿಗೆ ಹೊಂದದಿದ್ದರೆ ಎಷ್ಟು ಅಭ್ಯಾಸ ಮಾಡಿದರೂ ವ್ಯರ್ಥ.

ಇದಕ್ಕೆ ಸರಳವಾದ ಗಣಿತವೊಂದಿದೆ. ಮಗುವನ್ನು ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ, ಎರಡೂ ತೋಳುಗಳನ್ನು ಪಕ್ಕಕ್ಕೆ ಚಾಚಿಸಿ, ಒಂದು ನಡುಬೆರಳಿನ ತುದಿಯಿಂದ ಇನ್ನೊಂದರ ತುದಿಯವರೆಗೆ ದರ್ಜಿಯ ಪಟ್ಟಿಯಿಂದ ಅಳೆಯಬೇಕು. ಆ ಅಳತೆಯನ್ನು ಎರಡೂವರೆಯಿಂದ ಭಾಗಿಸಿದರೆ ಸೆಳೆತದ ಉದ್ದ ಸ್ಥೂಲವಾಗಿ ದೊರೆಯುತ್ತದೆ. ತೋಳುಗಳ ಹರವು 140 ಸೆಂಟಿಮೀಟರ್ ಇರುವ ಮಗುವಿಗೆ 56 ಸೆಂಟಿಮೀಟರ್, ಅಂದರೆ ಇಪ್ಪತ್ತೆರಡು ಅಂಗುಲ. ಕೊನೆಯ ನಿರ್ಣಯ ಮಾತ್ರ ಶಿಕ್ಷಕರ ಕಣ್ಣಿಗೆ ಸೇರಿದ್ದು.

ಉದ್ದ ಹೆಚ್ಚಾದ ಬಿಲ್ಲನ್ನು ಕೊಟ್ಟರೆ ಮಗು ಬೆನ್ನನ್ನು ಹಿಂದಕ್ಕೆ ಬಾಗಿಸುತ್ತದೆ, ತಲೆಯನ್ನು ಎತ್ತುತ್ತದೆ, ಬಿಲ್ಲು ಹಿಡಿದ ಮೊಳಕೈಯನ್ನು ಬಿಗಿಯಾಗಿ ಚಾಚಿ ಒಳಕ್ಕೆ ತಿರುಚುತ್ತದೆ. ಬಿಟ್ಟ ಹೆದೆ ಮುಂಗೈಗೆ ಬಾರಿಸಿ ನೀಲಿಗಟ್ಟುವುದು ಈ ಕಾರಣದಿಂದಲೇ. ಒಮ್ಮೆ ಪೆಟ್ಟು ತಿಂದ ಮಗು ಮುಂದಿನ ಬಾರಿ ಬಾಣ ಬಿಡುವಾಗ ಕಣ್ಣು ಮುಚ್ಚಿಕೊಳ್ಳುತ್ತದೆ. ಆ ಅಂಜಿಕೆ ಹೋಗಲು ತಿಂಗಳುಗಳೇ ಬೇಕು. ಸಾಮಾನ್ಯವಾಗಿ ಮಕ್ಕಳು ಪ್ರಾಯಕ್ಕೆ ಬರುವ ಮೊದಲು ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತಾರೆ. ಎರಡೂವರೆಯಿಂದ ಭಾಗಿಸಿದರೆ ಸೆಳೆತದ ಉದ್ದ ವರ್ಷಕ್ಕೆ ಹೆಚ್ಚು ಕಡಿಮೆ ಒಂದು ಅಂಗುಲ ಹೆಚ್ಚುತ್ತದೆ ಎಂದಾಯಿತು. ಆದುದರಿಂದ ಹಣ ಉಳಿಸಬೇಕೆನ್ನುವವರು ನೋಡಬೇಕಾದದ್ದು ದೊಡ್ಡ ಬಿಲ್ಲನ್ನಲ್ಲ, ಅಂಗುಲ ಅಂಗುಲವಾಗಿ ಹಿಗ್ಗಿಸಬಲ್ಲ ಬಿಲ್ಲನ್ನು. ಲಂಗದ ಅಂಚನ್ನು ಬಿಚ್ಚುವ ಜಾಣತನ ಇಲ್ಲಿ ಈ ರೂಪದಲ್ಲಿ ಸಾರ್ಥಕವಾಗುತ್ತದೆ.

ಭಾರದ ವಿಚಾರ

ಎಲ್ಲಕ್ಕಿಂತ ಹೆಚ್ಚು ತಪ್ಪುಗಳು ನಡೆಯುವುದು ಭಾರದ ವಿಷಯದಲ್ಲಿ. ವಯಸ್ಕ ಕಾಂಪೌಂಡ್ ಬಿಲ್ಗಾರರಿಗೆ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಇರುವ ಗರಿಷ್ಠ ಮಿತಿ 60 ಪೌಂಡು, ಅಂದರೆ ಇಪ್ಪತ್ತೇಳು ಕಿಲೋ. ಈ ಅಂಕಿಯನ್ನು ಕೇಳಿದ ತಂದೆಗೆ ಮಗನ ಹತ್ತು ಪೌಂಡು ಆಟಿಕೆಯಂತೆ ತೋರುತ್ತದೆ. ಎಂಟು ಹತ್ತು ವರ್ಷದ ಸಾಧಾರಣ ಮೈಕಟ್ಟಿನ ಮಗುವಿಗೆ ಹತ್ತರಿಂದ ಹದಿನೈದು ಪೌಂಡು ಸಾಕು. ಸಣಕಲು ಮಗುವಿಗೆ ಅದಕ್ಕಿಂತ ಕಡಿಮೆಯಾದರೂ ಅಡ್ಡಿಯಿಲ್ಲ. ಹನ್ನೊಂದು ಹನ್ನೆರಡರ ಗಟ್ಟಿ ಮಕ್ಕಳಿಗೆ ಹದಿನೈದರಿಂದ ಇಪ್ಪತ್ತು. ಹತ್ತು ಮೀಟರ್ ದೂರದ ಗುರಿಯನ್ನು ಕಲಿಯಲು ಇದಕ್ಕಿಂತ ಹೆಚ್ಚಿನದು ಬೇಕಾಗಿಲ್ಲ.

ಅಂಕಿಗಳಿಗಿಂತ ಪರೀಕ್ಷೆ ಮೇಲು. ಬಿಲ್ಲನ್ನು ಗುರಿಯ ಎತ್ತರಕ್ಕೆ ಹಿಡಿದ ಮಗು, ಅದನ್ನು ಆಕಾಶದ ಕಡೆಗೆ ಎತ್ತದೆ, ಸೊಂಟವನ್ನು ಬಳುಕಿಸದೆ, ನೇರವಾಗಿ ಹಿಂದಕ್ಕೆ ಎಳೆಯಬಲ್ಲುದೇ? ಕುರ್ಚಿಯಲ್ಲಿ ಕುಳಿತು, ಪಾದಗಳನ್ನು ನೆಲದಿಂದ ತುಸು ಎತ್ತಿಯೂ ಎಳೆಯಬಲ್ಲುದೇ? ಮೂವತ್ತನೆಯ ಬಾಣವನ್ನೂ ಮೊದಲನೆಯದರಂತೆಯೇ ಬಿಡಬಲ್ಲುದೇ? ಈ ಮೂರಕ್ಕೂ ಹೌದೆಂಬ ಉತ್ತರ ಬಂದರೆ ಭಾರ ಸರಿಯಾಗಿದೆ. ಒಂದಕ್ಕೆ ಇಲ್ಲವೆಂದರೂ ಭಾರವನ್ನು ಇಳಿಸಬೇಕು. ಬಿಲ್ಲಿನ ಸ್ವಂತ ತೂಕವನ್ನೂ ಮರೆಯಬಾರದು. ಲೋಹದ ಬಿಲ್ಲನ್ನು ಮುಂದೆ ಚಾಚಿದ ಒಂದೇ ತೋಳಿನಲ್ಲಿ ಹಿಡಿಯಬೇಕು. ಕಿಲೋ ತೂಕದ ಅಂತರವೂ ಎಳೆಯ ತೋಳಿಗೆ ದೊಡ್ಡದೇ.

ಇದು ಕೇವಲ ಶೈಲಿಯ ಪ್ರಶ್ನೆಯಲ್ಲ, ಆರೋಗ್ಯದ ಪ್ರಶ್ನೆ. ಮಕ್ಕಳ ಉದ್ದ ಮೂಳೆಗಳ ತುದಿಗಳ ಬಳಿ ಮೃದ್ವಸ್ಥಿಯ ಪದರವೊಂದಿರುತ್ತದೆ. ಮೂಳೆ ಬೆಳೆಯುವುದೇ ಅಲ್ಲಿಂದ. ಹದಿಹರೆಯದ ಕೊನೆಯ ಹೊತ್ತಿಗೆ ಅದು ಗಟ್ಟಿಯಾಗುತ್ತದೆ. ಅಲ್ಲಿಯವರೆಗೆ ಸುತ್ತಲಿನ ಸ್ನಾಯು ಕಂಡರಗಳಿಗಿಂತ ಅದೇ ದುರ್ಬಲ ಸ್ಥಾನ. ಅತಿ ಭಾರವನ್ನು ನೂರಾರು ಬಾರಿ ಎಳೆದರೆ ಪೆಟ್ಟು ಬೀಳುವುದು ಅಲ್ಲಿಗೇ. ಭುಜದ ಕೀಲನ್ನು ಸುತ್ತುವರಿದ ಸಣ್ಣ ಸ್ನಾಯುಗಳೂ ಹೀಗೆಯೇ ಉರಿಯೂತಕ್ಕೆ ಒಳಗಾಗುತ್ತವೆ. ತೋಳೆತ್ತಿ ಅಂಗಿ ಹಾಕಿಕೊಳ್ಳುವಾಗ, ತಲೆ ಬಾಚುವಾಗ ಮಗು ಮುಖ ಕಿವಿಚಿದರೆ ಅದನ್ನು ಸೋಮಾರಿತನವೆಂದು ಬಗೆಯಬಾರದು. ದಣಿವು ಅಭ್ಯಾಸದ ಫಲ, ನೋವು ಅಪಾಯದ ಕರೆ. ನೋವು ಕಂಡೊಡನೆ ಬಿಲ್ಲನ್ನು ಕೆಳಗಿಡಿಸಿ, ಅದು ಮುಂದುವರಿದರೆ ಮೂಳೆ ತಜ್ಞರಿಗೆ ತೋರಿಸುವುದೇ ವಿವೇಕ.

ಬಿಲ್ವಿದ್ಯೆ ಒಂದೇ ಪಕ್ಕದ ವ್ಯಾಯಾಮವಾದ್ದರಿಂದ ಎರಡೂ ಪಕ್ಕಗಳಿಗೆ ಸಮವಾದ ಕೆಲಸ ಕೊಡುವ ಈಜು, ಸೂರ್ಯನಮಸ್ಕಾರ, ರಬ್ಬರು ಪಟ್ಟಿಯ ಎಳೆತಗಳು ಜೊತೆಯಲ್ಲಿರಬೇಕು. ಹೀಗೆ ನಡೆಸಿದಲ್ಲಿ ಲಾಭ ಸಣ್ಣದಲ್ಲ. ಬೆನ್ನು ನೆಟ್ಟಗಾಗುತ್ತದೆ, ಉಸಿರು ಹದಕ್ಕೆ ಬರುತ್ತದೆ, ಮನಸ್ಸು ಒಂದೆಡೆ ನಿಲ್ಲುವುದನ್ನು ಕಲಿಯುತ್ತದೆ. ಹಗಲಿನ ಬೆಳಕಿನಲ್ಲಿ ಹೊರಗೆ ಕಳೆಯುವ ಕಾಲ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ತಲೆದೋರುವುದನ್ನು ಕಡಿಮೆ ಮಾಡುತ್ತದೆಂದು ನೇತ್ರವೈದ್ಯರು ಹೇಳುತ್ತಾರೆ. ಎರಡು ಕೋಣೆಯ ಮನೆಯಲ್ಲಿ ಮೊಬೈಲ್ ಪರದೆಯೇ ಆಟದ ಬಯಲಾಗಿರುವ ಮಕ್ಕಳಿಗೆ ಮೈದಾನದ ಎರಡು ಗಂಟೆ ಎಂದರೆ ದೊಡ್ಡ ಭಾಗ್ಯ.

ಮೂರು ಬಗೆಯ ಬಿಲ್ಲುಗಳು

ಪೇಟೆಯಲ್ಲಿ ದೊರೆಯುವ ಬಿಲ್ಲುಗಳನ್ನು ಮೂರು ಗುಂಪು ಮಾಡಬಹುದು. ಮೊದಲನೆಯದು ಲೆಟ್-ಆಫ್ ಇಲ್ಲದ ಶಾಲಾ ಬಿಲ್ಲು. ಗಾಲಿಗಳಿದ್ದರೂ ಭಾರ ಕೊನೆಯಲ್ಲಿ ಇಳಿಯುವುದಿಲ್ಲ. ನಿಶ್ಚಿತ ನಿಲುಗಡೆಯೂ ಇಲ್ಲ. ಈ ಬಗೆಯಲ್ಲಿ ಪ್ರಸಿದ್ಧವಾದ ಜೆನೆಸಿಸ್ ಬಿಲ್ಲನ್ನು ಹದಿನೈದರಿಂದ ಮೂವತ್ತು ಅಂಗುಲದವರೆಗಿನ ಯಾವ ತೋಳಿನವರೂ ಎಳೆಯಬಹುದು. ಭಾರ ಹತ್ತರಿಂದ ಇಪ್ಪತ್ತು ಪೌಂಡು. 2002ರಲ್ಲಿ ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಶಾಲೆಗಳಿಗಾಗಿ ಆರಂಭವಾದ ಬಿಲ್ಗಾರಿಕೆ ಯೋಜನೆಯಲ್ಲಿ ಎಲ್ಲ ಮಕ್ಕಳಿಗೂ ಇದೇ ಬಿಲ್ಲು. ಅಕ್ಕ, ತಮ್ಮ, ನೆರೆಮನೆಯ ಹುಡುಗ ಎಲ್ಲರೂ ಏನನ್ನೂ ಬದಲಿಸದೆ ಒಂದರಲ್ಲಿಯೇ ಕಲಿಯಬಹುದೆಂಬುದು ಇದರ ದೊಡ್ಡ ಗುಣ. ಸುಮಾರು ಒಂದೂವರೆ ಕಿಲೋ ತೂಕವಿರುವುದರಿಂದ ತೀರ ಚಿಕ್ಕವರಿಗೆ ಇದರ ಸಣ್ಣ ರೂಪವೇ ತಕ್ಕದ್ದು.

ಎರಡನೆಯದು ಲೆಟ್-ಆಫ್ ಉಳ್ಳ, ಉದ್ದ ಭಾರಗಳೆರಡನ್ನೂ ಬಹಳ ದೂರ ಹಿಗ್ಗಿಸಬಲ್ಲ ಕಿರಿಯರ ಬಿಲ್ಲು. ಐದು ಪೌಂಡಿನಿಂದ ಎಪ್ಪತ್ತರವರೆಗೆ ಎಂದು ಬರೆದಿರುವ ಬಿಲ್ಲುಗಳೂ ಈ ಗುಂಪಿನಲ್ಲಿವೆ. ಗರಿಷ್ಠ ಭಾರ ಸಿಗುವುದು ಉದ್ದವನ್ನೂ ಹೆಚ್ಚಿಸಿದಾಗ ಮಾತ್ರ. ಚಿಕ್ಕ ತೋಳಿಗೆ ಹೊಂದಿಸಿದಾಗ ಅದು ತಾನಾಗಿ ಕಡಿಮೆಯಾಗುತ್ತದೆ. ಮಗುವಿನ ಮಟ್ಟಿಗೆ ಇದು ಒಳ್ಳೆಯದೇ. ಉದ್ದವನ್ನು ಬದಲಿಸಲು ವಿಶೇಷ ಯಂತ್ರ ಬೇಕೇ, ಸಾಮಾನ್ಯ ಕೀಲಿಕೈ ಸಾಕೇ ಎಂದು ಮೊದಲೇ ಕೇಳಿ ತಿಳಿಯಬೇಕು. ಈ ಬಿಲ್ಲುಗಳು ಗಿಡ್ಡವಾಗಿರುವುದರಿಂದ ಪೂರ್ತಿ ಎಳೆದಾಗ ಹೆದೆ ಚೂಪಾದ ಕೋನವಾಗಿ ಬೆರಳುಗಳನ್ನು ಹಿಂಡುತ್ತದೆ. ಆದುದರಿಂದ ಮಣಿಕಟ್ಟಿಗೆ ಕಟ್ಟುವ ರಿಲೀಸ್ ಎಂಬ ಕೊಕ್ಕೆಯಿಂದಲೇ ಎಳೆಯಬೇಕು.

ಮೂರನೆಯದು ವಯಸ್ಕರ ಸ್ಪರ್ಧೆಯ ಬಿಲ್ಲು. ಬೆಳವಣಿಗೆ ನಿಲುಗಡೆಗೆ ಬರುವವರೆಗೆ ಇದು ಮನೆಗೆ ಬರುವುದು ಬೇಡ.

ಮೊದಲ ಆರು ತಿಂಗಳು ಒಂದನೆಯ ಬಗೆ, ಅದೂ ತರಬೇತಿ ಕೇಂದ್ರದ್ದು. ಆಸೆ ನಿಂತರೆ ಎರಡನೆಯ ಬಗೆ, ಸ್ವಂತದ್ದು: ಈ ಕ್ರಮ ಎಲ್ಲ ದೃಷ್ಟಿಯಿಂದಲೂ ಯುಕ್ತವಾದುದು. ಬಿದಿರಿನ ಬಿಲ್ಲಿನಿಂದಲೋ ರಿಕರ್ವ್‌ನಿಂದಲೋ ಆರಂಭಿಸಬೇಕು, ಯಂತ್ರದ ಬಿಲ್ಲು ಆಮೇಲೆ ಎಂದು ವಾದಿಸುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಸರಳವಾದ ಬಿಲ್ಲಿನಲ್ಲಿ ತಪ್ಪು ತಕ್ಷಣ ಕಾಣುತ್ತದೆ, ಖರ್ಚೂ ಕಡಿಮೆ, ರಿಪೇರಿಯ ಕಾಟವಿಲ್ಲ. ಹತ್ತಿರದ ಮೈದಾನದಲ್ಲಿ ಅಂಥ ಒಳ್ಳೆಯ ಶಿಕ್ಷಕರಿದ್ದರೆ ಮಗು ಅಲ್ಲಿಯೇ ಕಲಿಯಲಿ. ಬಿಲ್ಲಿನ ಜಾತಿಗಿಂತ ಗುರುವಿನ ಸಾನ್ನಿಧ್ಯ ದೊಡ್ಡದು. ಏಕಲವ್ಯನು ಮಣ್ಣಿನ ಪ್ರತಿಮೆಯ ಮುಂದೆ ಕಲಿತನೆಂಬುದು ಪುರಾಣಕ್ಕೆ ಭೂಷಣ. ಕಾಂಪೌಂಡ್ ಬಿಲ್ಲು ಹಿಡಿದ ಮಗುವನ್ನು ದೂರವಾಣಿಯ ಚಲನಚಿತ್ರದ ಮುಂದೆ ಬಿಟ್ಟು ಕಲಿಯೆನ್ನುವುದು ಹೊಣೆಗೇಡಿತನ.

ಬಿಲ್ಲಿನ ಸುತ್ತಮುತ್ತ

ಹಣವನ್ನೆಲ್ಲ ಬಿಲ್ಲಿಗೇ ಸುರಿಯುವುದು ತಪ್ಪು. ಬಾಣ, ಮುಂಗೈ ಪಟ್ಟಿ, ಬೆರಳ ತೊಗಲು ಅಥವಾ ರಿಲೀಸ್, ಬತ್ತಳಿಕೆ, ಬಾಣ ತಡೆಯುವ ದಪ್ಪ ಗುರಿಹಲಗೆ ಇವೆಲ್ಲಕ್ಕೂ ಪಾಲಿರಬೇಕು. ಬಾಣವು ಸೆಳೆತದ ಉದ್ದಕ್ಕಿಂತ ಒಂದೆರಡು ಅಂಗುಲವಾದರೂ ಉದ್ದವಿರಲಿ. ಗಿಡ್ಡ ಬಾಣ ಪೂರ್ತಿ ಎಳೆದಾಗ ಆಸರೆಯಿಂದ ಒಳಕ್ಕೆ ಜಾರಿ ಕೈಗೇ ನಾಟಬಹುದು. ಇಂಗಾಲದ ಎಳೆಗಳಿಂದ ಮಾಡಿದ ಬಾಣಗಳನ್ನು ಬಿಡುವ ಮುನ್ನ ಮೆಲ್ಲಗೆ ಬಾಗಿಸಿ, ಬಿರುಕಿನ ಸದ್ದು ಬರುವುದೇ ಎಂದು ಪರೀಕ್ಷಿಸಬೇಕು. ಒಡೆದ ಬಾಣ ಹೆದೆಯ ಹೊಡೆತಕ್ಕೆ ಸೀಳಿ ಮುಂಗೈಯನ್ನು ಹೊಗುತ್ತದೆ. ಮೊದಲ ಕಲಿಕೆಗೆ ಅಲ್ಯೂಮಿನಿಯಂ ಬಾಣಗಳೂ ಸಾಕು.

ಬಾಣವಿಲ್ಲದೆ ಬರಿಯ ಹೆದೆಯನ್ನು ಎಳೆದು ಬಿಡುವುದಂತೂ ಮಹಾಪರಾಧ. ಬಾಣಕ್ಕೆ ಸಲ್ಲಬೇಕಾದ ಶಕ್ತಿಯೆಲ್ಲ ಬಿಲ್ಲಿಗೇ ತಿರುಗಿ, ಹೆದೆ ಕಳಚಬಹುದು, ತೋಳು ಸೀಳಬಹುದು, ಚೂರು ಕಣ್ಣಿಗೆ ಸಿಡಿಯಬಹುದು. ಮನೆಗೆ ಬಂದ ನೆಂಟರ ಮಕ್ಕಳು ಮೊದಲು ಮಾಡುವ ಕೆಲಸವೇ ಇದು. ಆದುದರಿಂದ ಬಿಲ್ಲು ಬೀಗದೊಳಗಿರಬೇಕು, ಬಾಣಗಳು ಬೇರೆಡೆ ಇರಬೇಕು. ರಿಲೀಸ್ ಬಳಸುವ ಮಗು, ಪೂರ್ತಿ ಎಳೆದು ಗುರಿ ನೋಡುವವರೆಗೆ ಕೀಲಿನ ಮೇಲೆ ಬೆರಳಿಡಬಾರದು. ಬಿಟ್ಟ ಜಡೆ, ಉದ್ದ ಲೋಲಾಕು, ಸಡಿಲವಾದ ದುಪಟ್ಟಾ ಹೆದೆಗೆ ಸಿಕ್ಕದಂತೆ ಕಟ್ಟಿಕೊಳ್ಳಬೇಕು.

ಹಳೆಯ ಬಿಲ್ಲನ್ನು ಕೊಳ್ಳುವವರು ತೋಳುಗಳ ಮೇಲೆ ಹತ್ತಿಯ ಉಂಡೆಯನ್ನು ಎಳೆದು ನೋಡಲಿ. ಎಳೆ ಸಿಕ್ಕಿಕೊಂಡಲ್ಲಿ ಬಿರುಕಿದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಲ್ಲನ್ನು ಬಿಡಬಾರದು. ಹೆದೆಗೆ ಆಗಾಗ ಮೇಣ ಸವರಬೇಕು. ಹೆದೆ ಬದಲಿಸಿಕೊಡುವ ಅಂಗಡಿ ಊರಿನಲ್ಲಿ ಎಲ್ಲಿದೆ ಎಂದು ತಿಳಿದ ಮೇಲೆಯೇ ಬಿಲ್ಲು ಕೊಳ್ಳುವುದು ಉತ್ತಮ. ಅಳತೆ ಕೇಳದೆ ಮಾರುವ ಅಂಗಡಿ, ಉದ್ದ ಭಾರಗಳ ಗುರುತಿಲ್ಲದೆ ಅಂಚೆಯಲ್ಲಿ ಬರುವ ಅಗ್ಗದ ಬಿಲ್ಲು ಇವೆರಡನ್ನೂ ದೂರವಿಡಬೇಕು.

ಎಲ್ಲಿ ಬಿಡಬೇಕು?

ಮಹಾನಗರದ ಕನ್ನಡಿಗನಿಗೆ ಹಣಕ್ಕಿಂತ ದೊಡ್ಡ ಕೊರತೆ ಜಾಗದ್ದು. ತಾರಸಿಯ ಮೇಲೆ, ಕಟ್ಟಡದ ಹಿಂದಿನ ಓಣಿಯಲ್ಲಿ, ಗ್ಯಾಲರಿಯಲ್ಲಿ ಬಾಣ ಬಿಡುವ ಆಲೋಚನೆ ಕನಸಿನಲ್ಲಿಯೂ ಬರಕೂಡದು. ಹತ್ತು ಪೌಂಡಿನ ಬಿಲ್ಲಿನ ಬಾಣವೂ ಒಂದು ಕಣ್ಣನ್ನು ಕಳೆಯಲು, ಒಂದು ಜೀವವನ್ನು ತೆಗೆಯಲು ಸಮರ್ಥ. ಆಡಿದ ಮಾತಿಗೆ ಕ್ಷಮೆಯಾದರೂ ಉಂಟು, ಬಿಟ್ಟ ಬಾಣಕ್ಕೆ ಅದೂ ಇಲ್ಲ. ಬೇಲಿ, ಹಿಂಗೋಡೆ, ಶಿಕ್ಷಕರು, ಎಲ್ಲರೂ ಒಟ್ಟಿಗೆ ಬಿಟ್ಟು ಒಟ್ಟಿಗೆ ಆಯ್ದು ತರುವ ಶಿಸ್ತು ಇರುವ ಮೈದಾನದಲ್ಲಿ ಮಾತ್ರ ಈ ವಿದ್ಯೆ ನಡೆಯತಕ್ಕದ್ದು. ಅಂಥ ಮೈದಾನ ಸಿಕ್ಕದಿದ್ದರೆ ಬಿಲ್ಲನ್ನು ಕೊಳ್ಳದಿರುವುದೇ ಸರಿಯಾದ ಆಯ್ಕೆ. ಮಗುವಿಗೆ ಅದನ್ನು ಬಿಡಿಸಿ ಹೇಳಿದರೆ ಅರ್ಥವಾಗುತ್ತದೆ.

ಇಲ್ಲಿ ಕನ್ನಡ ಸಂಘಗಳಿಗೂ ಒಂದು ಪಾಲಿದೆ. ಪ್ರತಿಯೊಂದು ಮನೆಯೂ ಒಂದೊಂದು ಬಿಲ್ಲನ್ನು ಕೊಂಡು, ವರ್ಷ ತುಂಬುವ ಮೊದಲೇ ಅಟ್ಟಕ್ಕೆ ಏರಿಸುವುದಕ್ಕಿಂತ, ಸಂಘವೇ ಲೆಟ್-ಆಫ್ ಇಲ್ಲದ ಎರಡು ಮೂರು ಬಿಲ್ಲುಗಳನ್ನು, ಅವುಗಳಲ್ಲಿ ಒಂದು ಎಡಗೈಯದನ್ನು, ಕೊಂಡಿಡಬಹುದು. ನಗರದ ತರಬೇತಿ ಕೇಂದ್ರವೊಂದರೊಡನೆ ಒಪ್ಪಂದ ಮಾಡಿಕೊಂಡು, ರಜೆಯ ದಿನಗಳಲ್ಲಿ ಅಲ್ಲಿಯ ಶಿಕ್ಷಕರ ಕೈಕೆಳಗೆ ಸದಸ್ಯರ ಮಕ್ಕಳಿಗೆ ಅಭ್ಯಾಸ ಏರ್ಪಡಿಸಬಹುದು. ಯಾವ ಮಗುವಿನ ಆಸೆ ಆರು ತಿಂಗಳು ಬಾಳುತ್ತದೆ ಎಂಬುದು ಆಗ ತಾನಾಗಿ ತಿಳಿಯುತ್ತದೆ. ರಾಜ್ಯೋತ್ಸವದ ಭಾಷಣ, ಸನ್ಮಾನಗಳಿಗೆ ವ್ಯಯವಾಗುವ ಹಣದ ಒಂದು ಅಂಶ ಇದಕ್ಕೆ ಸಾಕಾದೀತು. ಊರಿನ ಬಯಲು, ತೋಟ, ಕೆರೆಯ ಏರಿಗಳನ್ನು ಕಾಣದೆ ಬೆಳೆಯುತ್ತಿರುವ ಮಕ್ಕಳಿಗೆ ಸಂಘ ಕೊಡಬಹುದಾದ ಉಡುಗೊರೆಗಳಲ್ಲಿ ಇದು ಸಣ್ಣದಲ್ಲ.

ಅಳತೆಯೇ ಗೌರವ

ಪದಕದ ಆಸೆ, ಕ್ರೀಡಾ ಮೀಸಲಿನ ಆಸೆ, ನೆರೆಹೊರೆಯವರ ಮುಂದೆ ಹೇಳಿಕೊಳ್ಳುವ ಆಸೆ ಇವು ಪಾಲಕರ ಮನಸ್ಸಿನಲ್ಲಿ ಏಳುವುದು ಮಾನವಸಹಜ. ಬಿಲ್ಲಿನ ಭಾರವನ್ನು ಅವಸರದಿಂದ ಏರಿಸುವ ಕೈ ಅನೇಕ ವೇಳೆ ಮಗುವಿನದಲ್ಲ, ಈ ಆಸೆಗಳದು. ಆದರೆ ಕಾಂಪೌಂಡ್ ಬಿಲ್ಲಿನ ನಿಜವಾದ ಪಾಠ ಬೇರೆಯೇ ಇದೆ. ಜಮ್ಮುವಿನ ಕಿಶ್ತವಾಡದ ಶೀತಲ್ ದೇವಿಗೆ ಹುಟ್ಟಿನಿಂದಲೇ ತೋಳುಗಳಿಲ್ಲ. ಕಾಲಿನಿಂದ ಬಿಲ್ಲನ್ನು ಹಿಡಿದು, ಭುಜಕ್ಕೆ ಹೊಂದಿಸಿದ ಕೊಕ್ಕೆಯಿಂದ ಹೆದೆಯನ್ನು ಸೆಳೆದು, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರರ ಜೊತೆ ಆಕೆ ಕಂಚಿನ ಪದಕವನ್ನು ಗಳಿಸಿದಾಗ ವಯಸ್ಸು ಹದಿನೇಳು. ಆಕೆಯ ದೇಹವನ್ನು ಬಿಲ್ಲಿಗೆ ಬಗ್ಗಿಸಲು ಯಾರೂ ಹೋಗಲಿಲ್ಲ. ಬಿಲ್ಲನ್ನೇ ಆಕೆಯ ದೇಹಕ್ಕೆ ಹೊಂದಿಸಿದರು. ಆ ಹೊಂದಿಕೆಯಿಂದ ಆಕೆಯ ಶಕ್ತಿ ಹೊರಹೊಮ್ಮಿತು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದು ದೊಡ್ಡವರಿಗೆ. ಮಕ್ಕಳ ವಿಷಯದಲ್ಲಿ ಮಾತು ತಿರುವುಮುರುವಾಗುತ್ತದೆ. ಅವರ ಕಾಲಿರುವಷ್ಟು ಹಾಸಿಗೆಯನ್ನು ದೊಡ್ಡವರು ಹಾಸಿಕೊಡಬೇಕು. ಮಗುವಿನ ತೋಳನ್ನು ಅಳೆದು, ಕಣ್ಣನ್ನು ಪರೀಕ್ಷಿಸಿ, ಭುಜದ ಮಾತನ್ನು ಕೇಳಿ, ಅದಕ್ಕೆ ತಕ್ಕ ಬಿಲ್ಲನ್ನು ಕೈಗಿಟ್ಟ ಪಾಲಕರು ಗುರಿಯ ಅರ್ಧ ದಾರಿಯನ್ನು ಆಗಲೇ ಕ್ರಮಿಸಿದಂತೆ. ಉಳಿದರ್ಧವನ್ನು ಬಾಣ ತಾನೇ ಕ್ರಮಿಸುತ್ತದೆ.